ಗ್ರೇಟ್ ನಿಕೋಬಾರ್ ಯೋಜನೆ: ಇಲ್ಲಿ ಕಡಿದ ಮಳೆಕಾಡಿಗೆ ಹರಿಯಾಣದಲ್ಲಿ ಸಸಿ ನೆಟ್ಟರೆ ಸರಿಹೋಗುತ್ತದೆಯೇ?

ಭಾರತದ ದಕ್ಷಿಣದ ತುತ್ತತುದಿ ಯಾವುದು ಎಂದು ಕೇಳಿದರೆ ಹೆಚ್ಚಿನವರು ಥಟ್ಟನೆ ಹೇಳುವ ಹೆಸರು ಕನ್ಯಾಕುಮಾರಿ. ಆದರೆ ಅದು ಮುಖ್ಯಭೂಮಿಯ ತುದಿ ಮಾತ್ರ. ದೇಶದ ನಿಜವಾದ ದಕ್ಷಿಣ ತುದಿ ಇರುವುದು ಚೆನ್ನೈನಿಂದ ಸುಮಾರು 1,600 ಕಿ.ಮೀ. ದೂರದ ಗ್ರೇಟ್ ನಿಕೋಬಾರ್ ದ್ವೀಪದಲ್ಲಿ. ಅದರ ಹೆಸರು ಇಂದಿರಾ ಪಾಯಿಂಟ್. ಅಲ್ಲಿಂದ ಚೆನ್ನೈಗಿಂತ ಇಂಡೋನೇಷ್ಯಾದ ಸುಮಾತ್ರಾ ಎಷ್ಟೋ ಹತ್ತಿರ.

2011ರ ಜನಗಣತಿಯ ಪ್ರಕಾರ ಸುಮಾರು 8 ಸಾವಿರ ಜನರಿದ್ದ ಈ ದ್ವೀಪದಲ್ಲಿ ಬೃಹತ್ ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ ಮತ್ತು ಹೊಸ ನಗರ ಕಟ್ಟಲು ಕೇಂದ್ರ ಸರ್ಕಾರ ಅನುಮತಿ ನೀಡಿದೆ. ದೇಶದ ಭದ್ರತೆಗೂ ವ್ಯಾಪಾರಕ್ಕೂ ಇದು ಬೇಕೇ ಬೇಕು ಎನ್ನುವುದು ಸರ್ಕಾರದ ವಾದ. ಮತ್ತೆ ಸೃಷ್ಟಿಸಲಾಗದ್ದನ್ನು ಕಳೆದುಕೊಳ್ಳುತ್ತೇವೆ ಎನ್ನುವುದು ಪರಿಸರ ತಜ್ಞರ ಆತಂಕ. ಹಾಗಾದರೆ ಈ ಯೋಜನೆ ಏನು? ಅಲ್ಲಿ ಕಳೆದುಹೋಗುವುದೇನು? ಅದಕ್ಕೆ ಬದಲಾಗಿ ಸರ್ಕಾರ ಕೊಡುತ್ತೇನೆ ಎನ್ನುತ್ತಿರುವುದೇನು? ಇಲ್ಲಿದೆ ವಿವರ.

ಏನಿದು ಯೋಜನೆ?

ನೀತಿ ಆಯೋಗದ ಮುತುವರ್ಜಿಯಲ್ಲಿ ರೂಪುಗೊಂಡ ಈ ಯೋಜನೆಗೆ ಆರಂಭದಲ್ಲಿ ಅಂದಾಜಿಸಿದ ವೆಚ್ಚ ಸುಮಾರು 72 ಸಾವಿರ ಕೋಟಿ ರೂಪಾಯಿ. ಅನುಷ್ಠಾನದ ಹೊಣೆ ಅಂಡಮಾನ್ ಮತ್ತು ನಿಕೋಬಾರ್ ಆಡಳಿತಕ್ಕೆ ಸೇರಿದ ಅಭಿವೃದ್ಧಿ ನಿಗಮದ್ದು.

ಯೋಜನೆಯಲ್ಲಿ ನಾಲ್ಕು ಮುಖ್ಯ ಭಾಗಗಳಿವೆ. ಮೊದಲನೆಯದು, ದ್ವೀಪದ ದಕ್ಷಿಣಕ್ಕಿರುವ ಗಲಾಥಿಯಾ ಕೊಲ್ಲಿಯಲ್ಲಿ ಟ್ರಾನ್ಸ್‌ಶಿಪ್‌ಮೆಂಟ್ ಬಂದರು. ಎರಡನೆಯದು, ನಾಗರಿಕ ಹಾಗೂ ಸೇನಾ ಬಳಕೆ ಎರಡಕ್ಕೂ ಒದಗುವ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ. ಮೂರನೆಯದು, ಅನಿಲ ಮತ್ತು ಸೌರಶಕ್ತಿ ಆಧಾರಿತ 450 ಎಂವಿಎ ಸಾಮರ್ಥ್ಯದ ವಿದ್ಯುತ್ ಸ್ಥಾವರ. ನಾಲ್ಕನೆಯದು, ಸುಮಾರು 149 ಚದರ ಕಿ.ಮೀ. ವ್ಯಾಪ್ತಿಯ ಟೌನ್‌ಶಿಪ್. ಒಟ್ಟು 166 ಚದರ ಕಿ.ಮೀ. ಪ್ರದೇಶ ಇದಕ್ಕೆ ಬಳಕೆಯಾಗಲಿದೆ. ದ್ವೀಪದ ವಿಸ್ತೀರ್ಣವೇ ಸುಮಾರು 910 ಚದರ ಕಿ.ಮೀ. ಹಂತ ಹಂತವಾಗಿ 30 ವರ್ಷಗಳಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಇಲ್ಲಿನ ಜನಸಂಖ್ಯೆ 3 ಲಕ್ಷ ದಾಟುವ ಅಂದಾಜಿದೆ.

2022ರ ಅಕ್ಟೋಬರ್ 27ರಂದು ಮೊದಲ ಹಂತದ ಅರಣ್ಯ ಅನುಮತಿ ಸಿಕ್ಕಿತು. ಅದೇ ವರ್ಷ ನವೆಂಬರ್ 11ರಂದು ಪರಿಸರ ಅನುಮತಿಯೂ ದೊರೆಯಿತು.

ಸರ್ಕಾರಕ್ಕೆ ಈ ದ್ವೀಪವೇ ಏಕೆ ಬೇಕು?

ಉತ್ತರ ಭೂಪಟದಲ್ಲಿದೆ. ಪಶ್ಚಿಮ ಏಷ್ಯಾ, ಯುರೋಪ್‌ಗಳಿಂದ ಚೀನಾ, ಜಪಾನ್ ಕಡೆಗೆ ಹೋಗುವ ಹಡಗುಗಳು ಮಲಾಕ್ಕಾ ಜಲಸಂಧಿಯನ್ನು ಹಾದು ಹೋಗಬೇಕು. ಆ ಅಂತಾರಾಷ್ಟ್ರೀಯ ಹಡಗು ಮಾರ್ಗ ಗಲಾಥಿಯಾ ಕೊಲ್ಲಿಯಿಂದ ಕೇವಲ 40 ನಾಟಿಕಲ್ ಮೈಲಿ, ಅಂದರೆ ಸುಮಾರು 75 ಕಿ.ಮೀ. ದೂರದಲ್ಲಿದೆ. ಕೊಲ್ಲಿಯಲ್ಲಿ 20 ಮೀಟರ್‌ಗೂ ಹೆಚ್ಚು ಸಹಜ ಆಳವಿದೆ. ದೊಡ್ಡ ಹಡಗುಗಳು ನಿಲ್ಲಲು ಇದು ಅನುಕೂಲ.

ಟ್ರಾನ್ಸ್‌ಶಿಪ್‌ಮೆಂಟ್ ಎಂದರೆ ಭಾರಿ ಹಡಗಿನಿಂದ ಕಂಟೇನರ್‌ಗಳನ್ನು ಇಳಿಸಿ ಸಣ್ಣ ಹಡಗುಗಳಿಗೆ ತುಂಬುವುದು. ಭಾರತದ ಇಂಥ ಸರಕಿನಲ್ಲಿ ಶೇ 75ರಷ್ಟು ವಿದೇಶಿ ಬಂದರುಗಳಲ್ಲಿ ನಿರ್ವಹಣೆಯಾಗುತ್ತಿದೆ ಎಂದು ಕೇಂದ್ರ ಬಂದರು ಸಚಿವಾಲಯ ಹೇಳಿದೆ. ಅದರಲ್ಲಿ ಬಹುಪಾಲು ಕೊಲಂಬೊ, ಸಿಂಗಪುರ ಮತ್ತು ಮಲೇಷ್ಯಾದ ಪೋರ್ಟ್ ಕ್ಲಾಂಗ್‌ಗೆ ಹೋಗುತ್ತದೆ. ಆ ವಹಿವಾಟಿನ ಒಂದು ಪಾಲನ್ನು ಇಲ್ಲಿಗೆ ಸೆಳೆಯುವುದು ಯೋಜನೆಯ ಗುರಿ. ಪೂರ್ಣಗೊಂಡಾಗ ಬಂದರಿನ ಸಾಮರ್ಥ್ಯ ವರ್ಷಕ್ಕೆ 1.42 ಕೋಟಿ ಟಿಇಯು. ಒಂದು ಟಿಇಯು ಎಂದರೆ 20 ಅಡಿ ಉದ್ದದ ಒಂದು ಕಂಟೇನರ್.

ಭದ್ರತೆಯ ವಾದವೂ ಹಗುರವಾದದ್ದಲ್ಲ. ಹಿಂದೂ ಮಹಾಸಾಗರದಲ್ಲಿ ಚೀನಾದ ಚಟುವಟಿಕೆ ಹೆಚ್ಚುತ್ತಿದೆ. ನೌಕಾಪಡೆಯ ವಾಯುನೆಲೆ ಐಎನ್ಎಸ್ ಬಾಜ್ 2012ರಿಂದಲೇ ಈ ದ್ವೀಪದ ಕ್ಯಾಂಪ್‌ಬೆಲ್ ಬೇಯಲ್ಲಿದೆ. ಆದ್ದರಿಂದ ವಿರೋಧಿಸುವವರಲ್ಲಿ ಅನೇಕರು ರಕ್ಷಣಾ ನೆಲೆಯನ್ನು ಪ್ರಶ್ನಿಸುತ್ತಿಲ್ಲ. ಕಂಟೇನರ್ ಬಂದರಿಗೂ ಲಕ್ಷಾಂತರ ಜನರ ನಗರಕ್ಕೂ ಇದೇ ಜಾಗ ಏಕೆ ಎನ್ನುವುದು ಅವರ ಪ್ರಶ್ನೆ.

ಎಂಥ ದ್ವೀಪ ಇದು?

ಗ್ರೇಟ್ ನಿಕೋಬಾರ್‌ನಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಸಮುದ್ರದ ಅಂಚಿನಿಂದ 642 ಮೀಟರ್ ಎತ್ತರದ ಮೌಂಟ್ ತುಲ್ಲಿಯರ್‌ವರೆಗೂ ನಿತ್ಯಹರಿದ್ವರ್ಣ ಕಾಡು ಹಬ್ಬಿದೆ. ಕಾಡಿನ ನಡುವಿನಿಂದ ಹರಿದು ಬರುವ ಗಲಾಥಿಯಾ ನದಿ, ಅದೇ ಹೆಸರಿನ ಕೊಲ್ಲಿಯಲ್ಲಿ ಸಮುದ್ರ ಸೇರುತ್ತದೆ.

ಮುಖ್ಯಭೂಮಿಯಿಂದ ದೂರ ಉಳಿದ ದ್ವೀಪವಾದ್ದರಿಂದ ಇಲ್ಲಿನ ಹಲವು ಜೀವಿಗಳು ಬೇರೆಲ್ಲೂ ಕಾಣಸಿಗುವುದಿಲ್ಲ. ನಿಕೋಬಾರ್ ಮೆಗಾಪೋಡ್ ಹಕ್ಕಿ ಮತ್ತು ನಿಕೋಬಾರ್‌ನ ಉದ್ದಬಾಲದ ಕೋತಿ ಅಂಥವು. ತೆಂಗಿನಕಾಯಿಯನ್ನೇ ಒಡೆಯಬಲ್ಲ ದೈತ್ಯ ಏಡಿ, ಉಪ್ಪುನೀರಿನ ಮೊಸಳೆ, ಅಳಿದುಹೋದ ಡೋಡೊ ಹಕ್ಕಿಯ ಹತ್ತಿರದ ಸಂಬಂಧಿಯಾದ ನಿಕೋಬಾರ್ ಪಾರಿವಾಳ ಕೂಡ ಇಲ್ಲಿವೆ. 1989ರಲ್ಲಿ ಇದನ್ನು ಜೀವಗೋಳ ಮೀಸಲು ಪ್ರದೇಶ ಎಂದು ಘೋಷಿಸಲಾಯಿತು. 2013ರಲ್ಲಿ ಯುನೆಸ್ಕೊ ತನ್ನ ಜೀವಗೋಳ ಜಾಲಕ್ಕೆ ಸೇರಿಸಿಕೊಂಡಿತು. ಎರಡು ರಾಷ್ಟ್ರೀಯ ಉದ್ಯಾನಗಳೂ ಇದೇ ದ್ವೀಪದಲ್ಲಿವೆ.

ಎಷ್ಟು ಕಾಡು, ಎಷ್ಟು ಮರ?

ಯೋಜನೆಗಾಗಿ 130.75 ಚದರ ಕಿ.ಮೀ. ಅರಣ್ಯ ಭೂಮಿಯನ್ನು ಬಿಟ್ಟುಕೊಡಲಾಗುತ್ತಿದೆ. ಇದು ದ್ವೀಪದ ಸುಮಾರು ಶೇ 14ರಷ್ಟು. ಮುಂಬೈ ಓದುಗರಿಗೆ ಅರ್ಥವಾಗುವಂತೆ ಹೇಳುವುದಾದರೆ, ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 104 ಚದರ ಕಿ.ಮೀ. ಅದಕ್ಕಿಂತಲೂ ದೊಡ್ಡದು. ಬೆಂಗಳೂರಿನವರಿಗೆ ಗೊತ್ತಿರುವ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಅರ್ಧದಷ್ಟು.

ಇಲ್ಲಿ 9.64 ಲಕ್ಷ ಮರಗಳಿಗೆ ಧಕ್ಕೆಯಾಗಬಹುದು ಎಂದು ಕೇಂದ್ರ ಸರ್ಕಾರ 2023ರಲ್ಲಿ ಸಂಸತ್ತಿಗೆ ತಿಳಿಸಿತ್ತು. ಬಿಟ್ಟುಕೊಟ್ಟ ಭೂಮಿಯಲ್ಲಿ ಸುಮಾರು 66 ಚದರ ಕಿ.ಮೀ. ಹಸಿರು ಪ್ರದೇಶವಾಗಿಯೇ ಉಳಿಯಲಿದ್ದು, ಅಲ್ಲಿ ಮರ ಕಡಿಯುವುದಿಲ್ಲ ಎಂದೂ ಸರ್ಕಾರ ಹೇಳಿದೆ.

ಈ ಅಂಕಿಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. 9.64 ಲಕ್ಷ ಮರಗಳನ್ನು 13,075 ಹೆಕ್ಟೇರ್‌ಗೆ ಹಂಚಿದರೆ ಹೆಕ್ಟೇರಿಗೆ ಸುಮಾರು 74 ಮರ. ಹಸಿರಾಗಿ ಉಳಿಸುವ ಭಾಗವನ್ನು ಕಳೆದು ಲೆಕ್ಕ ಹಾಕಿದರೂ ಹೆಕ್ಟೇರಿಗೆ ಸುಮಾರು 150. ಉಷ್ಣವಲಯದ ದಟ್ಟ ಮಳೆಕಾಡಿನಲ್ಲಿ ಸಾಮಾನ್ಯವಾಗಿ ಒಂದು ಹೆಕ್ಟೇರಿಗೆ ಹಲವು ನೂರು ಮರಗಳಿರುತ್ತವೆ. ಎಷ್ಟು ದಪ್ಪದ ಕಾಂಡವನ್ನು ಮರವೆಂದು ಎಣಿಸುತ್ತಾರೆ ಎನ್ನುವುದರ ಮೇಲೆ ಸಂಖ್ಯೆ ಬದಲಾಗುತ್ತದೆ ನಿಜ. ಆದರೂ ನಿಜವಾದ ಸಂಖ್ಯೆ ಸರ್ಕಾರದ ಅಂದಾಜಿಗಿಂತ ಬಹಳ ಹೆಚ್ಚಿರಬಹುದು ಎಂಬ ಅನುಮಾನ ಹುಟ್ಟಿರುವುದು ಇಲ್ಲಿಂದಲೇ.

ಹರಿಯಾಣ ಎಲ್ಲಿಂದ ಬಂತು?

ಅರಣ್ಯ ಭೂಮಿ ಬಳಸಿಕೊಂಡರೆ ಅದಕ್ಕೆ ಬದಲಾಗಿ ಬೇರೆಡೆ ಕಾಡು ಬೆಳೆಸಬೇಕು ಎನ್ನುವುದು ನಿಯಮ. ಇದಕ್ಕೆ ಪರಿಹಾರಾತ್ಮಕ ಅರಣ್ಯೀಕರಣ ಎನ್ನುತ್ತಾರೆ. ಅಂಡಮಾನ್ ಮತ್ತು ನಿಕೋಬಾರ್‌ನಲ್ಲಿ ಈಗಾಗಲೇ ಮುಕ್ಕಾಲು ಪಾಲಿಗಿಂತ ಹೆಚ್ಚು ಭೂಮಿ ಕಾಡು. ಹೊಸದಾಗಿ ನೆಡಲು ಅಲ್ಲಿ ಜಾಗವಿಲ್ಲ. ಇಂಥ ಸಂದರ್ಭದಲ್ಲಿ ಬೇರೆ ರಾಜ್ಯದಲ್ಲಿ ಗಿಡ ನೆಡಲು ನಿಯಮ ಅವಕಾಶ ಕೊಡುತ್ತದೆ. ಹಾಗಾಗಿ ಆಯ್ಕೆಯಾಗಿದ್ದು ಎರಡೂವರೆ ಸಾವಿರ ಕಿ.ಮೀ.ಗೂ ಹೆಚ್ಚು ದೂರದ ಹರಿಯಾಣ.

ಹರಿಯಾಣದಲ್ಲಿ ಕಾಡು ಕಡಿಮೆ. ಅಲ್ಲಿ ಗಿಡ ನೆಟ್ಟರೆ ಒಳ್ಳೆಯದೇ. ಪಕ್ಕದ ದೆಹಲಿಯಲ್ಲಿ ದೂಳು, ಹೊಗೆ ಕುಡಿಯುವವರಿಗೆ ಅದರ ಬೆಲೆ ಗೊತ್ತು. ಆದರೆ ಅರೆಶುಷ್ಕ ಬಯಲಿನಲ್ಲಿ ಬೆಳೆಯುವ ಮರಗಳೇ ಬೇರೆ, ಸಾಗರದ ನಡುವಿನ ಮಳೆಕಾಡಿನ ಮರಗಳೇ ಬೇರೆ. ಒಂದು ಇನ್ನೊಂದರ ಜಾಗ ತುಂಬಲಾರದು. ದ್ವೀಪದ ಇಳಿಜಾರಿನಲ್ಲಿ ಮಳೆನೀರನ್ನು ಹಿಡಿದಿಟ್ಟು, ಮಣ್ಣು ಕೊಚ್ಚಿ ಸಮುದ್ರ ಸೇರದಂತೆ ತಡೆಯುವುದು ಅಲ್ಲಿನ ಬೇರುಗಳು. ಆ ಮಣ್ಣು ಸಮುದ್ರಕ್ಕೆ ಇಳಿದರೆ ದಡದ ಹವಳದ ಮೇಲೆ ಕೂರುತ್ತದೆ. ಹರಿಯಾಣದ ಸಸಿ ಈ ಕೆಲಸ ಮಾಡಲಾರದು.

ಆಮೆಗಳ ಕೊಲ್ಲಿಯಲ್ಲಿ ಬಂದರು

ಗಲಾಥಿಯಾ ಕೊಲ್ಲಿಗೆ ಇನ್ನೊಂದು ಗುರುತಿದೆ. ಜಗತ್ತಿನ ಅತಿದೊಡ್ಡ ಕಡಲಾಮೆ ಲೆದರ್‌ಬ್ಯಾಕ್ ಮೊಟ್ಟೆ ಇಡುವ, ಭಾರತದ ಪ್ರಮುಖ ತೀರಗಳಲ್ಲಿ ಇದೂ ಒಂದು. ಇದರ ಬೆನ್ನ ಮೇಲೆ ಗಟ್ಟಿ ಚಿಪ್ಪಿನ ಬದಲು ತೊಗಲಿನಂಥ ಹೊದಿಕೆ ಇರುತ್ತದೆ. ತೂಕ 500 ಕಿಲೊ ದಾಟಬಹುದು. ಜೆಲ್ಲಿಮೀನು ತಿಂದು ಸಾಗರಗಳನ್ನೇ ದಾಟುವ ಪ್ರಾಣಿ ಇದು.

ಈ ಆಮೆಗಳ ಪಯಣದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಶಂಕರ್ ಅವರ ತಂಡ ಮತ್ತು ಬೆಂಗಳೂರಿನ ದಕ್ಷಿಣ್ ಫೌಂಡೇಷನ್, ಅರಣ್ಯ ಇಲಾಖೆಯ ಜತೆಗೂಡಿ ಲಿಟಲ್ ಅಂಡಮಾನ್ ದ್ವೀಪದಲ್ಲಿ ಆಮೆಗಳ ಬೆನ್ನಿಗೆ ಉಪಗ್ರಹ ಟ್ಯಾಗ್ ಅಳವಡಿಸಿದ್ದವು. ಅಲ್ಲಿಂದ ಹೊರಟ ಕೆಲವು ಆಮೆಗಳು ಪಶ್ಚಿಮ ಆಸ್ಟ್ರೇಲಿಯಾದ ಕಡೆಗೆ, ಇನ್ನು ಕೆಲವು ಆಫ್ರಿಕಾದ ಪೂರ್ವ ಕರಾವಳಿಯ ಕಡೆಗೆ ಸಾವಿರಾರು ಕಿ.ಮೀ. ಈಜಿದ್ದು ದಾಖಲಾಯಿತು. ಇಷ್ಟು ದೂರ ಹೋದರೂ ಮೊಟ್ಟೆ ಇಡುವ ಕಾಲಕ್ಕೆ ಅವು ತಾವು ಹುಟ್ಟಿದ ಪ್ರದೇಶದ ತೀರಗಳನ್ನೇ ಅರಸಿ ಬರುತ್ತವೆ.

ಮೊಟ್ಟೆ ಇಡಲು ಬೇಕಾದದ್ದು ಮೂರು: ಮರಳು, ಕತ್ತಲೆ ಮತ್ತು ನಿಶ್ಶಬ್ದ. ಮರಿಗಳು ರಾತ್ರಿ ಹೊರಬಂದು ಸಮುದ್ರದ ಮೇಲಿನ ಮಂದ ಬೆಳಕನ್ನು ಗುರಿಯಾಗಿಸಿಕೊಂಡು ಸಾಗುತ್ತವೆ. ದಡದಲ್ಲಿ ವಿದ್ಯುತ್ ದೀಪವಿದ್ದರೆ ದಾರಿ ತಪ್ಪಿ ನೆಲದ ಕಡೆ ತೆವಳುತ್ತವೆ. ಜನವಸತಿ ಹೆಚ್ಚಿದಂತೆ ನಾಯಿಗಳೂ ಹೆಚ್ಚುತ್ತವೆ. ಆಮೆ ಮೊಟ್ಟೆಗಳನ್ನು ನಾಯಿಗಳು ಬಗೆದು ತಿನ್ನುವುದು ಈ ದ್ವೀಪಗಳಲ್ಲಿ ಈಗಾಗಲೇ ಇರುವ ಸಮಸ್ಯೆ. ಬಂದರಿಗಾಗಿ ಕಟ್ಟುವ ಅಲೆತಡೆ ಗೋಡೆಗಳು ಮತ್ತು ಹೂಳೆತ್ತುವಿಕೆ ಮರಳಿನ ಸಹಜ ಚಲನೆಯನ್ನೇ ಬದಲಿಸಬಲ್ಲವು.

ಗಲಾಥಿಯಾ ಕೊಲ್ಲಿ ಮೊದಲು ವನ್ಯಜೀವಿ ಧಾಮವಾಗಿತ್ತು. 2021ರ ಜನವರಿಯಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಆ ಸ್ಥಾನಮಾನ ತೆಗೆಯಲು ಒಪ್ಪಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೇಂದ್ರ ಬಿಡುಗಡೆ ಮಾಡಿದ ಕಡಲಾಮೆ ಸಂರಕ್ಷಣಾ ಕ್ರಿಯಾ ಯೋಜನೆಯಲ್ಲಿ ಗಲಾಥಿಯಾ ಕೊಲ್ಲಿಯ ಹೆಸರು ಆಮೆಗಳ ಪ್ರಮುಖ ತಾಣಗಳ ಪಟ್ಟಿಯಲ್ಲಿತ್ತು.

ಸರ್ಕಾರದ ಉತ್ತರವೇನು? ಆಮೆಗಳು ಹೆಚ್ಚಾಗಿ ಬರುವುದು ಕೊಲ್ಲಿಯ ಪಶ್ಚಿಮ ದಡಕ್ಕೆ, ಅಲ್ಲಿ ನಿರ್ಮಾಣ ಇರುವುದಿಲ್ಲ ಎನ್ನುವುದು ಒಂದು. ಮೊಟ್ಟೆ ಇಡುವ ಕಾಲದಲ್ಲಿ ಕಾಮಗಾರಿಗೆ ನಿರ್ಬಂಧ ಇರುತ್ತದೆ ಎನ್ನುವುದು ಇನ್ನೊಂದು. ಇದಲ್ಲದೆ ಲಿಟಲ್ ನಿಕೋಬಾರ್ ದ್ವೀಪದಲ್ಲಿ ಲೆದರ್‌ಬ್ಯಾಕ್ ಆಮೆಗೆ, ಮೆಂಚಾಲ್ ದ್ವೀಪದಲ್ಲಿ ಮೆಗಾಪೋಡ್ ಹಕ್ಕಿಗೆ, ಮೆರೋ ದ್ವೀಪದಲ್ಲಿ ಹವಳಕ್ಕೆ ಪ್ರತ್ಯೇಕ ಧಾಮಗಳನ್ನು ಘೋಷಿಸಲಾಗಿದೆ. ಆದರೆ ಆ ತೀರಗಳಲ್ಲಿ ಆಮೆಗಳು ಮೊದಲೂ ಇದ್ದವು. ಅಲ್ಲಿ ರಕ್ಷಣೆ ಹೆಚ್ಚಿದರೆ ಒಳ್ಳೆಯದು, ಗಲಾಥಿಯಾದ ನಷ್ಟ ಅದರಿಂದ ತುಂಬುತ್ತದೆಯೇ ಎನ್ನುವುದು ತಜ್ಞರ ಪ್ರಶ್ನೆ.

ಹವಳ ಕಿತ್ತು ಬೇರೆಡೆ ನೆಡುವುದು ಸಾಧ್ಯವೇ?

ಯೋಜನೆಯ ದಾಖಲೆಗಳ ಪ್ರಕಾರ ಇಲ್ಲಿ 20,668 ಹವಳದ ಸಮೂಹಗಳನ್ನು ಗುರುತಿಸಲಾಗಿದ್ದು, ಅವುಗಳಲ್ಲಿ 16,150 ಸಮೂಹಗಳನ್ನು ಸ್ಥಳಾಂತರಿಸಬೇಕಿದೆ. ಇದರ ಹೊಣೆ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾ ಸಂಸ್ಥೆಯದು.

ಹವಳ ಕಲ್ಲಿನಂತೆ ಕಂಡರೂ ಅದು ಪ್ರಾಣಿ. ಬಂಡೆಯಾಕಾರದ ಹವಳಗಳು ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಬೆಳೆಯುತ್ತವೆ. ಕಿತ್ತು ಬೇರೆಡೆ ಕೂರಿಸುವ ತಂತ್ರ ಇದೆ, ಸಣ್ಣ ಪ್ರಮಾಣದಲ್ಲಿ ಯಶಸ್ವಿಯೂ ಆಗಿದೆ. ಆದರೆ ಹೊಸ ಜಾಗದ ಬೆಳಕು, ಆಳ, ನೀರಿನ ಹರಿವು ಒಗ್ಗದಿದ್ದರೆ ಅದು ಬದುಕದು. ಸಮುದ್ರವೂ ಮೊದಲಿನಂತಿಲ್ಲ. ನೀರು ಬಿಸಿಯಾಗಿ ಹವಳ ಬಿಳಿಚಿಕೊಳ್ಳುವ ಘಟನೆ ಅಂಡಮಾನ್ ಸಮುದ್ರದಲ್ಲಿ 2010ರಲ್ಲಿ ತೀವ್ರವಾಗಿತ್ತು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಾಗತಿಕ ಮಟ್ಟದ ನಾಲ್ಕನೇ ಬಿಳಿಚುವಿಕೆಯನ್ನು ದೃಢಪಡಿಸಿದರು.

ಮೆಗಾಪೋಡ್ ಹಕ್ಕಿಯ ಕಥೆಯೂ ಇಂಥದ್ದೇ. ಇದು ಕಾವು ಕೂರುವುದಿಲ್ಲ. ಕರಾವಳಿ ಕಾಡಿನಲ್ಲಿ ಮರಳು ಮತ್ತು ತರಗೆಲೆಯ ದಿಬ್ಬ ಮಾಡಿ ಅದರೊಳಗೆ ಮೊಟ್ಟೆ ಹೂತಿಡುತ್ತದೆ. ಕೊಳೆಯುವ ಎಲೆಗಳ ಬಿಸಿಗೆ ಮೊಟ್ಟೆ ಮರಿಯಾಗುತ್ತದೆ. ನಮ್ಮ ಮನೆಯ ಗೊಬ್ಬರದ ಗುಂಡಿ ಬಿಸಿಯಾಗಿರುತ್ತದಲ್ಲ, ಅದೇ ತತ್ವ. ದಿಬ್ಬಕ್ಕೆ ಬೇಕಾಗುವುದು ದಡಕ್ಕೆ ಅಂಟಿಕೊಂಡ ಕಾಡು. ಬಂದರಿಗೂ ನಗರಕ್ಕೂ ಬೇಕಿರುವುದು ಅದೇ ಜಾಗ.

ಶೋಂಪೆನ್, ನಿಕೋಬಾರಿಗಳು ಏನಾಗುತ್ತಾರೆ?

ದ್ವೀಪದ ಒಳಗಾಡಿನಲ್ಲಿ ಶೋಂಪೆನ್ ಸಮುದಾಯವಿದೆ. 2011ರ ಜನಗಣತಿಯಲ್ಲಿ ಇವರ ಸಂಖ್ಯೆ 229. ಬೇಟೆ, ಗೆಡ್ಡೆಗೆಣಸು ಮತ್ತು ಕೇದಗೆ ಜಾತಿಯ ಗಿಡದ ಹಣ್ಣು ಇವರ ಬದುಕಿಗೆ ಆಧಾರ. ಬಹುತೇಕರು ಹೊರಗಿನವರ ಸಂಪರ್ಕದಿಂದ ದೂರವಿದ್ದಾರೆ. ಹೊರಗಿನ ಸಾಮಾನ್ಯ ಕಾಯಿಲೆಯೇ ಇಂಥ ಸಮುದಾಯಕ್ಕೆ ಮಾರಕವಾಗಬಹುದು. ದೊಡ್ಡ ಯೋಜನೆಗಳ ವಿಷಯ ಬಂದಾಗ ಶೋಂಪೆನ್ನರ ಹಿತಕ್ಕೆ ಆದ್ಯತೆ ಕೊಡಬೇಕೆಂದು ಸರ್ಕಾರದ್ದೇ 2015ರ ನೀತಿ ಹೇಳುತ್ತದೆ.

ಯೋಜನೆಗಾಗಿ ಬುಡಕಟ್ಟು ಮೀಸಲು ಪ್ರದೇಶದಲ್ಲಿ ಸುಮಾರು 84 ಚದರ ಕಿ.ಮೀ.ಗೆ ಆ ಸ್ಥಾನಮಾನ ತಪ್ಪುತ್ತದೆ. ಯಾವ ಬುಡಕಟ್ಟು ಜನರನ್ನೂ ಒಕ್ಕಲೆಬ್ಬಿಸುವುದಿಲ್ಲ ಎಂದು ಸರ್ಕಾರ ಹೇಳಿದೆ. ಆದರೆ 13 ದೇಶಗಳ 39 ನರಮೇಧ ಅಧ್ಯಯನ ತಜ್ಞರು 2024ರ ಫೆಬ್ರುವರಿಯಲ್ಲಿ ರಾಷ್ಟ್ರಪತಿಗೆ ಪತ್ರ ಬರೆದು, ಈ ಯೋಜನೆ ಶೋಂಪೆನ್ನರ ಪಾಲಿಗೆ ಮರಣಶಾಸನವಾಗಲಿದೆ ಎಂದು ಎಚ್ಚರಿಸಿದ್ದರು.

ನಿಕೋಬಾರಿಗಳ ದುಃಖ ಬೇರೆ ಬಗೆಯದು. 2004ರ ಡಿಸೆಂಬರ್ 26ರ ಸುನಾಮಿಗೆ ಮುನ್ನ ಅವರು ಸಮುದ್ರದಂಚಿನ ಊರುಗಳಲ್ಲಿದ್ದರು. ಸುನಾಮಿ ಊರುಗಳನ್ನು ಕೊಚ್ಚಿ ಒಯ್ದಿತು. ಬದುಕುಳಿದವರನ್ನು ಕ್ಯಾಂಪ್‌ಬೆಲ್ ಬೇ ಬಳಿಯ ರಾಜೀವ್ ನಗರ ಮತ್ತು ನ್ಯೂ ಚಿಂಗೆನ್‌ಗೆ ಸ್ಥಳಾಂತರಿಸಲಾಯಿತು. ಅದು ತಾತ್ಕಾಲಿಕ, ಒಂದು ದಿನ ಹಿಂದಿನ ಊರಿಗೆ ಮರಳುತ್ತೇವೆ ಎಂದು ಅವರು ಅಂದಿನಿಂದಲೂ ಕೇಳುತ್ತ ಬಂದಿದ್ದಾರೆ. ತಮ್ಮ ಹಳೆಯ ಊರುಗಳ ನೆಲವೂ ಯೋಜನೆಯ ವ್ಯಾಪ್ತಿಗೆ ಬರುತ್ತದೆ ಎಂಬುದು ತಿಳಿದ ಮೇಲೆ ಬುಡಕಟ್ಟು ಮಂಡಳಿ, ತಾನು ಕೊಟ್ಟಿದ್ದ ನಿರಾಕ್ಷೇಪಣಾ ಪತ್ರವನ್ನು 2022ರ ನವೆಂಬರ್‌ನಲ್ಲಿ ಹಿಂತೆಗೆದುಕೊಂಡಿತು. ಪರಿಸರ ಅನುಮತಿ ಸಿಕ್ಕಿ ಆಗ ಎರಡು ವಾರವೂ ಆಗಿರಲಿಲ್ಲ.

ಭೂಕಂಪ ವಲಯದಲ್ಲಿ ನಗರ

ಅಂದಿನ ಭೂಕಂಪದ ತೀವ್ರತೆ 9ಕ್ಕಿಂತ ಹೆಚ್ಚು. ಆ ಒಂದೇ ದಿನ ಇಂದಿರಾ ಪಾಯಿಂಟ್ ಸುಮಾರು 4.25 ಮೀಟರ್ ಕುಸಿಯಿತು. ನೆಲದ ಮೇಲಿದ್ದ ದೀಪಸ್ತಂಭ ನೀರಿನಲ್ಲಿ ನಿಂತಿತು. ಗಲಾಥಿಯಾ ಕೊಲ್ಲಿಯ ಆಮೆ ತೀರವೂ ಮುಳುಗಿತ್ತು. ಮೆಗಾಪೋಡ್ ಹಕ್ಕಿಯ ಸಂಖ್ಯೆ ತೀವ್ರವಾಗಿ ಕುಸಿಯಿತು.

ನಂತರದ ವರ್ಷಗಳಲ್ಲಿ ಅಲೆಗಳು ಮರಳನ್ನು ಮತ್ತೆ ತಂದು ಹಾಕಿದವು. ಆಮೆಗಳು ಮರಳಿದವು. ಮುಳುಗಿದ ದಡದ ಹಿಂದೆ ಕಾಡು ಇದ್ದದ್ದರಿಂದ ಹೊಸ ದಡ ರೂಪುಗೊಳ್ಳಲು ಜಾಗವಿತ್ತು. ಇಡೀ ದ್ವೀಪಸಮೂಹ ಭೂಕಂಪದ ಅಪಾಯ ಅತಿ ಹೆಚ್ಚಿರುವ ವಲಯದಲ್ಲಿದೆ. ಮುಂದಿನ ಬಾರಿ ನೆಲ ಕುಸಿದಾಗ ದಡದ ಹಿಂದೆ ಕಾಂಕ್ರೀಟ್ ಇದ್ದರೆ ಮರಳಿಗೂ ಆಮೆಗೂ ಹಿಂದೆ ಸರಿಯಲು ಎಡೆಯಿರದು. ಆ ಹೊತ್ತಿಗೆ ಅಲ್ಲಿ ಲಕ್ಷಾಂತರ ಜನರೂ ಇರುತ್ತಾರೆ.

ನ್ಯಾಯಾಲಯದಲ್ಲಿ ಏನಾಯಿತು?

ಅನುಮತಿಗಳ ವಿರುದ್ಧ ಸಲ್ಲಿಸಿದ್ದ ಅರ್ಜಿಗಳನ್ನು ವಿಚಾರಣೆ ಮಾಡಿದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2023ರ ಏಪ್ರಿಲ್‌ನಲ್ಲಿ ಅನುಮತಿಯನ್ನು ರದ್ದು ಮಾಡಲು ನಿರಾಕರಿಸಿತು. ಆದರೆ ಹವಳ, ಕರಾವಳಿ ನಿಯಮ ಮತ್ತಿತರ ಅಂಶಗಳನ್ನು ಮರುಪರಿಶೀಲಿಸಲು ಪರಿಸರ ಸಚಿವಾಲಯದ ಕಾರ್ಯದರ್ಶಿ ನೇತೃತ್ವದಲ್ಲಿ ಉನ್ನತಾಧಿಕಾರ ಸಮಿತಿ ರಚಿಸಿತು. ಅನುಮತಿ ಕೊಟ್ಟ ಸಚಿವಾಲಯವೇ ಪರಿಶೀಲನೆ ನಡೆಸುವುದು ಹೇಗೆ ಎಂಬ ಆಕ್ಷೇಪ ಬಂತು. ಸಮಿತಿಯ ವರದಿಯನ್ನು ರಕ್ಷಣಾ ಮಹತ್ವದ ಕಾರಣ ನೀಡಿ ಬಹಿರಂಗಪಡಿಸಲಿಲ್ಲ. ಅರಣ್ಯ ಹಕ್ಕು ಕಾಯ್ದೆ ಪಾಲನೆಯಾಗಿಲ್ಲ ಎಂಬ ದೂರು ಕಲ್ಕತ್ತಾ ಹೈಕೋರ್ಟ್ ಮೆಟ್ಟಿಲನ್ನೂ ಏರಿದೆ.

ಓದುಗರು ಗಮನಿಸಬೇಕಾದದ್ದೇನು?

ಅಭಿವೃದ್ಧಿ ಬೇಕೋ ಪರಿಸರ ಬೇಕೋ ಎಂದು ಈ ಚರ್ಚೆಯನ್ನು ಎರಡೇ ಮಾತಿಗೆ ಇಳಿಸುವುದು ಸುಲಭ. ಅದರಿಂದ ಪ್ರಯೋಜನವಿಲ್ಲ. ಬದಲಾಗಿ ಪರಿಹಾರದ ಪಟ್ಟಿಯನ್ನು ಒಂದೊಂದಾಗಿ ನೋಡಬಹುದು. ಕಾಡಿಗೆ ಬದಲು ಹರಿಯಾಣ, ಆಮೆ ತೀರಕ್ಕೆ ಬದಲು ಇನ್ನೊಂದು ದ್ವೀಪದ ಧಾಮ, ಹವಳಕ್ಕೆ ಬದಲು ಹೊಸ ಜಾಗ, ಪೂರ್ವಜರ ಊರಿಗೆ ಬದಲು ಕ್ಯಾಂಪ್‌ಬೆಲ್ ಬೇಯ ಮನೆ. ಪ್ರತಿಯೊಂದರಲ್ಲೂ ಒಂದು ಜಾಗದ ನಷ್ಟವನ್ನು ಇನ್ನೊಂದು ಜಾಗದಲ್ಲಿ ತುಂಬಿಕೊಡಬಹುದು ಎಂಬ ನಂಬಿಕೆ ಇದೆ. ಊರೊಳಗಿನ ರಸ್ತೆ ಅಗಲ ಮಾಡುವಾಗ ಈ ಲೆಕ್ಕ ಒಂದಿಷ್ಟು ನಡೆಯಬಹುದು. ಬೇರೆಲ್ಲೂ ಇಲ್ಲದ ಜೀವಿಗಳಿರುವ ದ್ವೀಪಕ್ಕೆ ಅದು ಹೊಂದುವುದು ಕಷ್ಟ.

ಹಾಗಾಗಿ ಮುಂದಿನ ದಿನಗಳಲ್ಲಿ ಈ ಸುದ್ದಿ ಬಂದಾಗ ಕೆಲವು ಪ್ರಶ್ನೆಗಳನ್ನು ಕೇಳಬಹುದು. ಎಷ್ಟು ಮರ ಕಡಿದರು ಎಂಬ ಎಣಿಕೆ ಸಾರ್ವಜನಿಕವಾಗಿ ಸಿಗುತ್ತದೆಯೇ? ಸ್ಥಳಾಂತರಿಸಿದ ಹವಳಗಳಲ್ಲಿ ಐದು ವರ್ಷದ ನಂತರ ಎಷ್ಟು ಬದುಕಿದ್ದವು? ಗಲಾಥಿಯಾಕ್ಕೆ ಪ್ರತಿ ವರ್ಷ ಎಷ್ಟು ಆಮೆಗಳು ಬಂದವು? ನಿಕೋಬಾರಿಗಳು ತಮ್ಮ ಊರಿಗೆ ಮರಳಿದರೇ?

ನವೆಂಬರ್ ಬಂದರೆ ಲೆದರ್‌ಬ್ಯಾಕ್ ಆಮೆಗಳು ಮೊಟ್ಟೆ ಇಡುವ ಕಾಲ ಶುರು. ಸಾವಿರಾರು ಕಿ.ಮೀ. ಈಜಿ ಬರುವ ಅವುಗಳಿಗೆ ಧಾಮ ರದ್ದಾದ ಸುದ್ದಿ ಗೊತ್ತಿರುವುದಿಲ್ಲ. ಅವು ಬಂದಾಗ ಮರಳು ಅಲ್ಲೇ ಇರುತ್ತದೆಯೇ ಎನ್ನುವುದು ಈಗ ನಮ್ಮ ತೀರ್ಮಾನ.